ಹಬ್ಬದ ರಾತ್ರಿಯೇ ಅಪ್‌ಡೇಟ್ ಯಾಕೆ?

ಹೊರರಾಜ್ಯದಲ್ಲಿ ಐಟಿ ಕೆಲಸದಲ್ಲಿರುವವರು ಊರಿಗೆ ಹೋದಾಗ ತಪ್ಪದೇ ಕೇಳಿಸಿಕೊಳ್ಳುವ ಪ್ರಶ್ನೆ: ‘ನಿನ್ನ ಕೆಲಸ ಅಂದ್ರೆ ಏನು?’ ಆ್ಯಪ್ ಮಾಡುವವರು ಮೊಬೈಲ್ ತೆಗೆದು ತೋರಿಸಿಬಿಡಬಹುದು. ನನ್ನಂಥವರ ಬಳಿ ತೋರಿಸಲು ಏನೂ ಇಲ್ಲ. ಎಂಟೆಕ್ ಮುಗಿಸಿ ಪುಣೆಗೆ ಬಂದಾಗಿನಿಂದ ನಾನು ಮಾಡುತ್ತಿರುವುದು ಗ್ರಾಹಕ ಸಂಸ್ಥೆಗಳ ವರ್ಚುವಲ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ. ಎಲ್ಲ ಸರಿಯಾಗಿದ್ದಷ್ಟು ದಿನ ಯಾರಿಗೂ ನಮ್ಮ ನೆನಪಾಗುವುದಿಲ್ಲ.

ಸಾಗರದ ದೊಡ್ಡಪ್ಪನಿಗೆ ಒಮ್ಮೆ ಮದುವೆ ಛತ್ರದ ಉದಾಹರಣೆ ಕೊಟ್ಟೆ. ಒಂದೇ ಕಟ್ಟಡದಲ್ಲಿ ಹತ್ತಾರು ಕೋಣೆ, ಒಂದೊಂದರಲ್ಲಿ ಒಂದೊಂದು ಕುಟುಂಬ. ಅದೇ ರೀತಿ ಒಂದು ದೊಡ್ಡ ಸರ್ವರ್‌ನಲ್ಲಿ ಹತ್ತಾರು ವರ್ಚುವಲ್ ಮಷೀನ್. ವಿಎಂವೇರ್ ಬಳಸುವಲ್ಲಿ ಕಟ್ಟಡದ ಜಾಗದಲ್ಲಿರುವುದು ಇಎಸ್ಎಕ್ಸ್ಐ. ಇಂಥ ಹಲವು ಛತ್ರಗಳನ್ನು ಒಂದೇ ಮೇಜಿನಿಂದ ನಡೆಸುವ ಮ್ಯಾನೇಜರ್ ವಿಸೆಂಟರ್. ಮ್ಯಾನೇಜರ್ ಅರ್ಧ ದಿನ ರಜೆ ಹಾಕಿದರೆ ಒಳಗಿದ್ದವರೇನೂ ಬೀದಿಗೆ ಬೀಳುವುದಿಲ್ಲ. ಆದರೆ ಹೊಸಬರಿಗೆ ಕೋಣೆ ಕೊಡುವುದು, ಒಂದು ಛತ್ರದಿಂದ ಇನ್ನೊಂದಕ್ಕೆ ಸಾಗಿಸುವುದು ನಿಂತುಹೋಗುತ್ತದೆ.

ದೊಡ್ಡಪ್ಪ ಎಲೆಅಡಿಕೆ ಮಡಚುತ್ತಾ ಕೇಳಿದರು: ‘ಅಂದ್ರೆ ಎಲ್ಲಾ ಬೀಗದ ಕೈನೂ ಅವನ ಹತ್ರಾನೇ ಇರತ್ತೆ. ಕಳ್ಳ ಅವನನ್ನೇ ಹಿಡ್ಕೊಂಡ್ರೆ?’ ನಮ್ಮ ವೃತ್ತಿಯ ಮುಖ್ಯ ಭಯವನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

2023ರ ಫೆಬ್ರುವರಿಯಲ್ಲಿ ‘ಇಎಸ್ಎಕ್ಸ್ಐ ಆರ್ಗ್ಸ್’ ಎಂಬ ರ್‍ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಸಾವಿರಾರು ಸರ್ವರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಫ್ರಾನ್ಸಿನ ಸರ್ಕಾರಿ ಸೈಬರ್ ಸುರಕ್ಷತಾ ತಂಡ ಇದಕ್ಕೆ ಸಂಬಂಧಿಸಿ ಹೆಸರಿಸಿದ ದೋಷಕ್ಕೆ 2021ರ ಫೆಬ್ರುವರಿಯಲ್ಲೇ ಪ್ಯಾಚ್ ಬಂದಿತ್ತು. ಔಷಧ ಎರಡು ವರ್ಷದಿಂದ ಮನೆಯಲ್ಲೇ ಇತ್ತು, ಕುಡಿದಿರಲಿಲ್ಲ ಅಷ್ಟೇ.

ಹಾಗೆಂದು ಬಂದ ದಿನವೇ ಎಲ್ಲವನ್ನೂ ಹಾಕಿಬಿಡುವುದೂ ಜಾಣತನವಲ್ಲ. ಇಎಸ್ಎಕ್ಸ್ಐ 7.0ರ ಅಪ್‌ಡೇಟ್ 3 ಅನ್ನು ಹಲವು ದೋಷಗಳ ಕಾರಣ ಕಂಪನಿಯೇ 2021ರ ನವೆಂಬರ್‌ನಲ್ಲಿ ಹಿಂದಕ್ಕೆ ಪಡೆಯಿತು. ಸರಿಪಡಿಸಿದ ಆವೃತ್ತಿ ಬಂದದ್ದು 2022ರ ಜನವರಿ ಕೊನೆಗೆ. ತಡ ಮಾಡಿದರೆ ಕಳ್ಳನ ಭಯ, ಆತುರಪಟ್ಟರೆ ಕಟ್ಟಡವೇ ಅಲುಗಾಡುವ ಭಯ. ನಮಗೆ ಸಂಬಳ ಸಿಗುವುದು ಇವೆರಡರ ನಡುವೆ ಒಂದು ದಿನ ಆರಿಸುವುದಕ್ಕೆ.

2024ರಲ್ಲಿ ಆ ದಿನ ಆರಿಸುವುದು ನಮಗೆ ಕಷ್ಟವಾಯಿತು. ಸೆಪ್ಟೆಂಬರ್ 17, ಪುಣೆಯಲ್ಲಿ ಗಣೇಶ ವಿಸರ್ಜನೆ. ಲಕ್ಷ್ಮಿ ರಸ್ತೆಯಲ್ಲಿ ಢೋಲು ತಾಶಾ ಮೊಳಗುತ್ತಿದ್ದ ಅದೇ ತಾರೀಖಿಗೆ ವಿಸೆಂಟರ್‌ನ ಗಂಭೀರ ದೋಷವೊಂದರ ಪ್ರಕಟಣೆ ಬಂತು. ತೀವ್ರತೆಯ ಅಂಕ 10ಕ್ಕೆ 9.8. ನೆಟ್‌ವರ್ಕ್ ಮೂಲಕ ವಿಸೆಂಟರ್ ತಲುಪಬಲ್ಲವನು ಪಾಸ್‌ವರ್ಡ್ ಇಲ್ಲದೆಯೇ ಅದರೊಳಗೆ ತನ್ನ ಕೋಡ್ ಓಡಿಸಬಹುದಿತ್ತು. ಆ ವಾರವೇ ಪ್ಯಾಚ್ ಹಾಕಿದೆವು. ಅಕ್ಟೋಬರ್ 21ಕ್ಕೆ ಇನ್ನೊಂದು ಪ್ರಕಟಣೆ: ಮೊದಲಿನ ಪ್ಯಾಚ್ ದೋಷವನ್ನು ಪೂರ್ತಿ ಮುಚ್ಚಿಲ್ಲ, ಹೊಸದನ್ನು ಹಾಕಿಕೊಳ್ಳಿ.

ನಮ್ಮ ಗ್ರಾಹಕರಲ್ಲಿ ಒಂದು ಆಸ್ಪತ್ರೆ ಇದೆ. ಲ್ಯಾಬ್ ವರದಿ, ಔಷಧ ಅಂಗಡಿ, ಬಿಲ್ಲಿಂಗ್ ಎಲ್ಲವೂ ವರ್ಚುವಲ್ ಮಷೀನ್‌ಗಳ ಮೇಲೆಯೇ. ಅಲ್ಲಿನ ಆಡಳಿತಾಧಿಕಾರಿ ಬೇಸರದಿಂದಲೇ ಕೇಳಿದರು: ‘ಹೋದ ತಿಂಗಳು ತಾನೇ ಮಾಡಿದ್ದಿರಿ? ಹಬ್ಬ ಮುಗಿದು ಡಿಸೆಂಬರ್‌ನಲ್ಲಿ ನೋಡೋಣ.’ ಅವರ ಮಾತಿನಲ್ಲೂ ನ್ಯಾಯವಿತ್ತು. ಆದರೆ ಡಿಸೆಂಬರ್‌ವರೆಗೆ ಬಾಗಿಲು ತೆರೆದಿಟ್ಟು, ಒಂದು ಬೆಳಿಗ್ಗೆ ರೋಗಿಯ ರಕ್ತಪರೀಕ್ಷೆಯ ವರದಿಯೇ ತೆರೆಯದಿದ್ದರೆ? ಇದನ್ನೇ ನಾನೂ ನನ್ನ ಮರಾಠಿ ಸಹೋದ್ಯೋಗಿಯೂ ಅವರ ಮುಂದಿಟ್ಟೆವು. ಕೊನೆಗೆ ಹೊರರೋಗಿ ವಿಭಾಗಕ್ಕೆ ರಜೆಯಿರುವ ಲಕ್ಷ್ಮಿಪೂಜೆಯ ರಾತ್ರಿ, ನವೆಂಬರ್ 1ಕ್ಕೆ ಒಪ್ಪಿದರು. ಅಲ್ಲಿಯವರೆಗೆ ನಿರ್ವಾಹಕರ ಎರಡು ಕಂಪ್ಯೂಟರ್‌ಗಳನ್ನು ಬಿಟ್ಟು ಬೇರಾವುದೂ ವಿಸೆಂಟರ್ ತಲುಪದಂತೆ ಫೈರ್‌ವಾಲ್ ಬಿಗಿ ಮಾಡಿದೆವು.

ಮರುದಿನ ಬಲಿಪಾಡ್ಯಮಿ. ನಮ್ಮ ಕಡೆ ಅದೇ ದೊಡ್ಡಹಬ್ಬ. ಗೋಪೂಜೆಗೆ ಮನೆಮಂದಿಯೆಲ್ಲ ಕೊಟ್ಟಿಗೆಯಲ್ಲಿರಬೇಕು. ಕಾಯ್ದಿರಿಸಿದ್ದ ಬಸ್ ಟಿಕೆಟ್ ರದ್ದು ಮಾಡಿ ಅಮ್ಮನಿಗೆ ಫೋನ್ ಮಾಡಿದೆ. ‘ಕಂಪ್ಯೂಟರಿಗೆ ಹಬ್ಬ ಇಲ್ಲ ಅಂತ ನಿಂಗೂ ಇಲ್ವೇನೋ?’ ಎಂದರು. ಆಸ್ಪತ್ರೆ ಎಂದ ಮೇಲೆ ಸುಮ್ಮನಾದರು. ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು.

ಇಂಥ ಅಪ್‌ಡೇಟ್‌ನಲ್ಲಿ ಗುಂಡಿ ಒತ್ತುವ ಕೆಲಸ ಕಡಿಮೆ, ಅದಕ್ಕೆ ಮುಂಚಿನ ತಯಾರಿ ಹೆಚ್ಚು. ವಿಸೆಂಟರ್‌ನ ಬ್ಯಾಕಪ್ ಬೇರೆ ಜಾಗದಲ್ಲಿ ಇರಬೇಕು. ಡಿಎನ್ಎಸ್ ಎರಡೂ ದಿಕ್ಕಿನಲ್ಲಿ ಸರಿಯಾಗಿ ಉತ್ತರಿಸಬೇಕು, ಗಡಿಯಾರಗಳು ಹೊಂದಬೇಕು, ಸರ್ಟಿಫಿಕೇಟ್‌ಗಳ ಅವಧಿ ಮುಗಿದಿರಬಾರದು. ರೂಟ್ ಪಾಸ್‌ವರ್ಡ್ ಬದಲಿಸದಿದ್ದರೆ 90 ದಿನಕ್ಕೆ ತಾನಾಗಿಯೇ ಅವಧಿ ಮೀರುವಂತೆ ಇಟ್ಟಿರುತ್ತಾರೆ, ಅದನ್ನೂ ನೋಡಿಕೊಳ್ಳಬೇಕು. ವಿಸೆಂಟರ್ ತಾನೇ ಒಂದು ವರ್ಚುವಲ್ ಮಷೀನ್ ಆದ್ದರಿಂದ ಅದು ಯಾವ ಸರ್ವರ್ ಮೇಲಿದೆ ಎಂದು ಕಾಗದದಲ್ಲಿ ಬರೆದಿಡುವುದು ಒಳ್ಳೆಯದು. ಅದು ಏಳದೇ ಹೋದರೆ ಹುಡುಕಿಕೊಡುವವರು ಯಾರೂ ಇರುವುದಿಲ್ಲ.

ಕ್ರಮವೂ ಮುಖ್ಯ. ಮೊದಲು ವಿಸೆಂಟರ್, ಆಮೇಲೆ ಇಎಸ್ಎಕ್ಸ್ಐ. ಸರ್ವರ್‌ಗಳನ್ನು ಒಂದೊಂದಾಗಿ ತೆಗೆದುಕೊಂಡು, ಅದರ ಮೇಲಿನ ವರ್ಚುವಲ್ ಮಷೀನ್‌ಗಳನ್ನು ಚಾಲನೆಯಲ್ಲಿದ್ದಂತೆಯೇ ಪಕ್ಕದ ಸರ್ವರ್‌ಗೆ ಸಾಗಿಸಿ, ಖಾಲಿಯಾದದ್ದನ್ನು ಅಪ್‌ಡೇಟ್ ಮಾಡಿ ರೀಬೂಟ್ ಮಾಡಬೇಕು. ಅಂದು ನಮ್ಮ ಪಾಲಿಗಿದ್ದದ್ದು ವಿಸೆಂಟರ್ ಮಾತ್ರ. ರಾತ್ರಿ 11ಕ್ಕೆ ಶುರು ಮಾಡಿದೆವು. ಎರಡು ಗಂಟೆಗೆ ಲಾಗಿನ್ ಪುಟ ಬಂತು. ಬ್ಯಾಕಪ್ ಸಾಫ್ಟ್‌ವೇರ್ ಅದರ ಜತೆ ಮಾತಾಡುತ್ತಿದೆಯೇ ಎಂದು ಪರೀಕ್ಷಿಸಿ ಮೂರಕ್ಕೆ ಮುಗಿಸಿದೆವು. ವಾರ್ಡಿನಲ್ಲಿದ್ದ ಯಾರಿಗೂ ಏನೂ ಗೊತ್ತಾಗಲಿಲ್ಲ. ನವೆಂಬರ್ 18ಕ್ಕೆ ಮೂರನೇ ಪ್ರಕಟಣೆ: ಈ ದೋಷವನ್ನು ದಾಳಿಕೋರರು ಬಳಸುತ್ತಿರುವುದು ಖಚಿತವಾಗಿದೆ. ಆಡಳಿತಾಧಿಕಾರಿಗೆ ಅದನ್ನು ಕಳಿಸಿದೆ. ‘ಥ್ಯಾಂಕ್ಯೂ’ ಎಂಬ ಒಂದೇ ಪದದ ಉತ್ತರ ಬಂತು.

ಆ ವರ್ಷದಿಂದ ನಮ್ಮ ತಂಡದಲ್ಲಿ ಒಂದು ಪಟ್ಟಿ ಇದೆ. ಒಂದು ದೀಪಾವಳಿಗೆ ದುಡಿದವರಿಗೆ ಮುಂದಿನ ದೀಪಾವಳಿ ಕಡ್ಡಾಯ ರಜೆ. ಗಣೇಶ ಹಬ್ಬಕ್ಕೆ ಸಹೋದ್ಯೋಗಿಗೆ ಬಿಡುವು, ನನಗೆ ದೊಡ್ಡಹಬ್ಬಕ್ಕೆ. ಕೇಳದೆ ಇದು ಸಿಗುವುದಿಲ್ಲ. ಊರು ದೂರವಿರುವ ನಮ್ಮಂಥವರು ‘ಹೇಗೂ ಇಲ್ಲೇ ಇರ್ತೀರಲ್ಲ’ ಎಂಬ ಮಾತಿಗೆ ಪ್ರತಿ ಹಬ್ಬವನ್ನೂ ಬಿಟ್ಟುಕೊಡುವ ಅಗತ್ಯವಿಲ್ಲ.

ಈ ಕೆಲಸಕ್ಕೆ ಬರುವ ಕಿರಿಯರಿಗೆ ಇನ್ನೊಂದು ಮಾತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡುಕೊಂಡಿತು. ಒಮ್ಮೆ ಕೊಂಡರೆ ಶಾಶ್ವತವಾಗಿದ್ದ ಲೈಸೆನ್ಸ್ ಮಾರಾಟ ಮರುತಿಂಗಳೇ ನಿಂತು ಎಲ್ಲವೂ ಚಂದಾ ಪದ್ಧತಿಯಾಯಿತು. ವಿಸ್ಪಿಯರ್ 7ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಸಣ್ಣ ಸಂಸ್ಥೆಗಳು ಪ್ರಾಕ್ಸ್‌ಮಾಕ್ಸ್, ಹೈಪರ್-ವಿ, ನ್ಯುಟಾನಿಕ್ಸ್ ಕಡೆ ನೋಡುತ್ತಿವೆ. ಒಂದೇ ಕಂಪನಿಯ ಪರದೆಯಲ್ಲಿ ಎಲ್ಲಿ ಕ್ಲಿಕ್ ಮಾಡಬೇಕೆಂದು ಮಾತ್ರ ಕಲಿತವರಿಗೆ ಇದು ಆತಂಕದ ಕಾಲ. ಆದರೆ ನೆಟ್‌ವರ್ಕ್, ಸ್ಟೋರೇಜ್, ಲಿನಕ್ಸ್ ತಿಳಿದು, ಬ್ಯಾಕಪ್ ತೆಗೆಯುವುದಷ್ಟೇ ಅಲ್ಲ, ಅದರಿಂದ ಸರ್ವರ್ ಎಬ್ಬಿಸಿ ನೋಡಿದವರು ಯಾವ ಛತ್ರವನ್ನಾದರೂ ನಡೆಸಬಲ್ಲರು. ಒಂದು ಹಳೆಯ ಕಂಪ್ಯೂಟರ್ ಸಿಕ್ಕರೆ ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿ, ಬೇಕೆಂದೇ ಕೆಡಿಸಿ, ಮತ್ತೆ ಎಬ್ಬಿಸಿ. ಕಂಪನಿಯ ಖರ್ಚಿನಲ್ಲಿ ತರಬೇತಿ ಬರುವವರೆಗೆ ಕಾಯಬೇಡಿ.