ಹಿಮದ ಬಂಡಿಗೆ ಎಂಥ ಬಂಪರ್?

ಅಮೆರಿಕ ಮತ್ತು ಕೆನಡಾದ ಪಶ್ಚಿಮ ಭಾಗದಲ್ಲಿ ಹಬ್ಬಿರುವ ರಾಕಿ ಪರ್ವತಗಳಲ್ಲಿ ಚಳಿಗಾಲ ಬಂತೆಂದರೆ ಇಳಿಜಾರುಗಳ ಮೇಲೆ ಆಳುದ್ದ ಹಿಮ ಕೂರುತ್ತದೆ. ಅಲ್ಲಿ ಕಾರು ಓಡದು. ನಡೆಯಹೊರಟರೆ ಸೊಂಟದವರೆಗೆ ಹೂತುಹೋಗುತ್ತದೆ. ಅಂಥ ಹಿಮದ ಮೇಲೂ ಗುಡುಗುಡು ಸದ್ದು ಮಾಡುತ್ತ ಗುಡ್ಡ ಏರುವ ಯಂತ್ರವೇ ಸ್ನೋಮೊಬೈಲ್. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಸುತ್ತುವ ಅಗಲವಾದ ರಬ್ಬರ್ ಪಟ್ಟಿ, ಹಿಡಿಯಲು ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್. ಕಾಶ್ಮೀರದ ಗುಲ್ಮಾರ್ಗ್‌ಗೆ ಪ್ರವಾಸ ಹೋದವರು ಇದನ್ನು ಕಂಡಿರಬಹುದು.

ಬೆಟ್ಟದಲ್ಲಿ ಈ ಬಂಡಿ ಓಡಿಸುವ ಅನೇಕರು ಕಾರ್ಖಾನೆಯಿಂದ ಬಂದ ಮುಂದಿನ ಬಂಪರನ್ನು ತೆಗೆದು ಬೇರೆ ಬಂಪರ್ ಹಾಕಿಸಿಕೊಳ್ಳುತ್ತಾರೆ. ಗಟ್ಟಿಮುಟ್ಟಾಗಿ ಕಾಣುವುದನ್ನು ಆರಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ತಪ್ಪುವುದು ಅಲ್ಲೇ.

ಮಗುವಿನ ಸಾವು, ಯಂತ್ರದ ಹುಟ್ಟು

ಸ್ನೋಮೊಬೈಲ್ ಮೋಜಿಗಾಗಿ ಹುಟ್ಟಿದ್ದಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ತರುಣ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕಾಯಿತು. ದಾರಿಯೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು. ಆಸ್ಪತ್ರೆ ತಲುಪಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ಮೊದಲಿನಿಂದಲೂ ಪ್ರಯೋಗ ನಡೆಸಿದ್ದ ತಂದೆ ಪಟ್ಟುಬಿಡಲಿಲ್ಲ. 1937ರಲ್ಲಿ ಏಳು ಜನ ಕೂರಬಹುದಾದ ಹಿಮವಾಹನ ಸಿದ್ಧವಾಯಿತು. ವೈದ್ಯರು, ಅಂಚೆಯವರು ಅದರಲ್ಲಿ ಓಡಾಡಿದರು. 1959ರಲ್ಲಿ ಅದೇ ಕಂಪನಿಯಿಂದ ‘ಸ್ಕೀ-ಡೂ’ ಎಂಬ ಚಿಕ್ಕ ಬಂಡಿ ಬಂತು. ಇಂದಿನ ಸ್ನೋಮೊಬೈಲುಗಳು ಅದೇ ಬಳಗದವು.

ಮೂರು ಕೆಲಸ

ಬೆಟ್ಟದ ಬಂಡಿ ಬಯಲಿನ ಬಂಡಿಯಂತಲ್ಲ. ಮೆದು ಹಿಮದಲ್ಲಿ ಮುಳುಗದಿರಲೆಂದು ಅದರ ರಬ್ಬರ್ ಪಟ್ಟಿ ಉದ್ದ. ಸುತ್ತಳತೆ 165 ಅಂಗುಲ, ಅಂದರೆ ನಾಲ್ಕು ಮೀಟರಿಗೂ ಹೆಚ್ಚು ಇರುವುದುಂಟು. ಬಂಡಿಯ ತೂಕ ಸುಮಾರು 200 ಕಿಲೋ. ಒಂದೊಂದು ಕಿಲೋ ಕಡಿಮೆಯಾದಷ್ಟೂ ಏರುವುದು ಸುಲಭ. ಆದ್ದರಿಂದಲೇ ತಯಾರಕರು ಬಂಪರನ್ನು ಹಗುರವಾಗಿಟ್ಟಿರುತ್ತಾರೆ.

ಅದು ಮಾಡಬೇಕಾದ ಕೆಲಸ ಮೂರು. ಮರಗಳ ನಡುವೆ ನುಸುಳುವಾಗ ಆಗುವ ಸಣ್ಣಪುಟ್ಟ ಗುದ್ದನ್ನು ತಾಳಬೇಕು. ಬಂಡಿ ಹಿಮದಲ್ಲಿ ಹೂತಾಗ ಹಿಡಿದೆಳೆಯಲು ಹಿಡಿಕೆಯಾಗಬೇಕು. ಮೂರನೆಯದಾಗಿ, ಸವಾರಿಗೆ ಅಡ್ಡ ಬರಬಾರದು. ಇಳಿಜಾರಿನಲ್ಲಿ ಅಡ್ಡಡ್ಡಲಾಗಿ ಹೋಗುವಾಗ ಸವಾರ ಬಂಡಿಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾನೆ. ಆಗ ಅಗಲವಾದ ಬಂಪರಿನ ಮೂಲೆ ಹಿಮವನ್ನು ಉಳುತ್ತದೆ, ಬಂಡಿ ದಿಕ್ಕು ತಪ್ಪುತ್ತದೆ.

ಲೆಕ್ಕ ಹೇಳುವುದೇನು?

ಗಟ್ಟಿಯಾದದ್ದೇ ಒಳ್ಳೆಯದೇಕಲ್ಲ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಬಹುದು. ಬಂಡಿ, ಸವಾರ, ಇಂಧನ ಎಲ್ಲ ಸೇರಿ 300 ಕಿಲೋ ಎನ್ನೋಣ. ವೇಗ ಸೆಕೆಂಡಿಗೆ 3 ಮೀಟರ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಆಗ ಚಲನಶಕ್ತಿ 1,350 ಜೂಲ್. ಮರಕ್ಕೆ ಗುದ್ದಿದಾಗ ಈ ಶಕ್ತಿಯೆಲ್ಲ ಎಲ್ಲಾದರೂ ಖರ್ಚಾಗಲೇಬೇಕು.

ಬಂಪರ್ ಬಾಗದೆ ಬಂಡಿ 2 ಸೆಂಟಿಮೀಟರಿನಲ್ಲೇ ನಿಂತರೆ ಬೀಳುವ ಸರಾಸರಿ ಬಲ 67,500 ನ್ಯೂಟನ್. ಅದೇ ಬಂಪರ್ ಬಾಗುತ್ತ 10 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ 13,500 ನ್ಯೂಟನ್ ಮಾತ್ರ, ಐದರಲ್ಲಿ ಒಂದು ಪಾಲು. ಬಾಗದ ಬಂಪರ್ ಗುದ್ದನ್ನು ನುಂಗುವುದಿಲ್ಲ, ತನ್ನ ಹಿಂದಿನ ಚಾಸಿಗೆ ದಾಟಿಸುತ್ತದೆ. ಬಂಪರ್ ಹೋದರೆ ಕೆಲವು ಬೋಲ್ಟ್ ಬಿಚ್ಚಿ ಬೇರೆಯದನ್ನು ಹಾಕಬಹುದು. ಚಾಸಿ ಸೊಟ್ಟಗಾದರೆ ಎಂಜಿನ್ನನ್ನೇ ಇಳಿಸಬೇಕಾಗಬಹುದು.

ಹಾಗೆಂದು ಮೆತ್ತಗಿನ ಬಂಪರ್ ಎಲ್ಲದರಿಂದಲೂ ಕಾಪಾಡೀತೆಂದಲ್ಲ. ವೇಗ ಗಂಟೆಗೆ 36 ಕಿಲೋಮೀಟರ್ ಆದರೆ ಶಕ್ತಿ 15,000 ಜೂಲ್, ಹನ್ನೊಂದು ಪಟ್ಟು! ಅಲ್ಲಿ ಕಾಪಾಡುವುದು ಬಂಪರಲ್ಲ, ಸವಾರನ ವಿವೇಕ.

ಉಕ್ಕೋ ಅಲ್ಯುಮಿನಿಯಮೋ?

ಅಂಗಡಿಗಳಲ್ಲಿ ಸಿಗುವ ಬಂಪರುಗಳು ಹೆಚ್ಚಾಗಿ ಕೊಳವೆಗಳಿಂದ ಮಾಡಿದವು. ಒಂದು ಘನ ಸೆಂಟಿಮೀಟರ್ ಅಲ್ಯುಮಿನಿಯಂ 2.7 ಗ್ರಾಂ ತೂಗಿದರೆ ಉಕ್ಕು 7.8 ಗ್ರಾಂ ತೂಗುತ್ತದೆ. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕಿನ ಕೊಳವೆಯನ್ನು ತೆಳುವಾಗಿ ಮಾಡಬಹುದಾದ್ದರಿಂದ ಕೊನೆಯಲ್ಲಿ ಅಂತರ ಅಷ್ಟು ದೊಡ್ಡದಿರುವುದಿಲ್ಲ. ಅಲ್ಯುಮಿನಿಯಂ ಕಡುಚಳಿಯಲ್ಲೂ ಪೆಡಸಾಗುವುದಿಲ್ಲ. ಆದರೆ ವೆಲ್ಡಿಂಗ್ ಮಾಡಿದ ಜಾಗದ ಪಕ್ಕದಲ್ಲಿ ಬಲ ಕುಂದುತ್ತದೆ. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಬೆಸುಗೆಯನ್ನು ನೋಡಬೇಕು.

ಇನ್ನು ನೋಡಬೇಕಾದ ಸಂಗತಿಗಳು ಇಷ್ಟು: ಬಂಪರ್ ಆ ಮಾದರಿಗೆ, ಆ ವರ್ಷದ ಬಂಡಿಗೇ ಮಾಡಿದ್ದಾಗಿರಬೇಕು, ಹೊಸ ತೂತು ಕೊರೆಯದೆ ಹಳೆಯ ಬೋಲ್ಟಿನ ಜಾಗದಲ್ಲೇ ಕೂರಬೇಕು. ಸ್ಕೀಗಳನ್ನು ಎರಡೂ ಕಡೆ ಪೂರ್ತಿ ತಿರುಗಿಸಿದರೂ ತಗಲಬಾರದು. ದೀಪಕ್ಕೂ ಗಾಳಿಕಿಂಡಿಗೂ ಮರೆಯಾಗಬಾರದು. ದಪ್ಪ ಕೈಗವಸು ತೊಟ್ಟ ಕೈ ಒಳಗೆ ಹೋಗುವಷ್ಟು ಸಂದು ಬೇಕು. ಹಿಮ ಶೇಖರವಾಗುವ ಅಗಲ ತಗಡಿಗಿಂತ ಹಿಮ ಸರಿದುಹೋಗುವ ಬಿಡಿ ಕೊಳವೆಯೇ ಮೇಲು.

ಬಂಪರ್ ಕಾಯಲಾರದ್ದು

ಬಂಡಿ ಹೂತ ಜಾಗ ಕಡಿದಾದ ಇಳಿಜಾರಾಗಿದ್ದರೆ ನಿಜವಾದ ಅಪಾಯ ಮೇಲಿನಿಂದ ಬರುತ್ತದೆ. ಸಿಕ್ಕಿಕೊಂಡ ಗೆಳೆಯನ ಬಂಪರ್ ಹಿಡಿದೆಳೆಯಲು ಇನ್ನೊಬ್ಬ ಧಾವಿಸಿದರೆ ಎರಡು ಬಂಡಿಗಳ ಭಾರಕ್ಕೆ ಹಿಮದ ಪದರ ಜಾರಬಹುದು, ಇಬ್ಬರೂ ಅದರಡಿ ಸಿಕ್ಕಬಹುದು. ಹಿಮಕುಸಿತದ ತರಬೇತಿಯಲ್ಲಿ ಕಲಿಸುವ ಪಾಠ ಕಠಿಣವೆನಿಸಿದರೂ ಸರಿಯಾದದ್ದು: ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬನೇ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವನ ಮೇಲೆ ಕಣ್ಣಿಟ್ಟಿರಬೇಕು. ಪ್ರತಿಯೊಬ್ಬನ ಬಳಿಯೂ ಹೂತವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ, ಚುಚ್ಚಿ ನೋಡುವ ಉದ್ದ ಕೋಲು, ಗುದ್ದಲಿಯಂಥ ಸಲಿಕೆ ಇರಬೇಕು. ಬಂಪರಿಗೆ ಹಣ ಖರ್ಚು ಮಾಡುವ ಮುನ್ನ ಇವುಗಳಿಗೆ ಮಾಡಬೇಕು.

ಈ ಪಾಠಕ್ಕೆ ರಾಕಿ ಪರ್ವತದವರೆಗೆ ಹೋಗಬೇಕಿಲ್ಲ. ನಮ್ಮ ಊರುಗಳಲ್ಲಿ ಕಾರು, ಜೀಪುಗಳ ಮುಂದೆ ಹೊಳೆಯುವ ಉಕ್ಕಿನ ಗಾರ್ಡ್ ಹಾಕಿಸುವ ಶೋಕಿ ಹಳೆಯದು. ಪಾದಚಾರಿಗಳಿಗೂ ವಾಹನದೊಳಗಿನವರಿಗೂ ಅದರಿಂದ ಅಪಾಯವೆಂದು 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಅವುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತು. ಮಗ ಹೊಸ ಗಾಡಿಗೆ ‘ಗಟ್ಟಿ’ ಗಾರ್ಡ್ ಬೇಕೆಂದು ಹಟ ಹಿಡಿದರೆ ಅಪ್ಪ ಒಂದೇ ಪ್ರಶ್ನೆ ಕೇಳಬಹುದು: ಗುದ್ದಿದಾಗ ಇದು ಬಾಗದಿದ್ದರೆ, ಬಾಗುವುದು ಯಾವುದು?