ಆಪತ್ತಿಗೆ ಧಾವಿಸುವವರ ಮಕ್ಕಳಿಗೆ ಕಾಲೇಜು ಶುಲ್ಕದ ವಿನಾಯಿತಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಉಪಯೋಗವಾಗುವ ವಿಷಯವನ್ನೇ ಆರಿಸಿಕೊಳ್ಳುವುದು ಒಳಿತೆಂದು ನನಗೆ ತೋರಿತು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆತನಗಳಿಂದ ಸೈನ್ಯಕ್ಕೆ, ಪೊಲೀಸ್ ಇಲಾಖೆಗೆ, ಸೋರೆಗಾಂವದ ರಾಜ್ಯ ಮೀಸಲು ಪಡೆಗೆ, ಮಹಾನಗರಪಾಲಿಕೆಯ ಅಗ್ನಿಶಾಮಕ ದಳಕ್ಕೆ ಸೇರಿದವರಿದ್ದಾರೆ. ಊರಿಗೆ ಆಪತ್ತು ಬಂದಾಗ ಮೊದಲು ಮುಂದಾಗುವ ಇವರಿಗೆ ಏನಾದರೂ ಆದರೆ ಮಕ್ಕಳ ಕಾಲೇಜು ಶಿಕ್ಷಣದ ಗತಿಯೇನು?

ಇದು ದೂರದ ಮಾತಲ್ಲ. ಸೊಲ್ಲಾಪುರದ ಪೊಲೀಸ್ ಆಯುಕ್ತರಾಗಿದ್ದ ಅಶೋಕ ಕಾಮಟೆಯವರು ಮುಂಬಯಿಗೆ ವರ್ಗವಾಗಿ ಹೋದ ವರ್ಷವೇ, 2008ರ ನವೆಂಬರ್ 26ರ ರಾತ್ರಿ, ಭಯೋತ್ಪಾದಕರ ಗುಂಡಿಗೆ ಬಲಿಯಾದರು. 2025ರ ಮೇ 18ರ ನಸುಕಿನಲ್ಲಿ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನ ಜವಳಿ ಕಾರ್ಖಾನೆಗೆ ಬೆಂಕಿ ಬಿದ್ದು ಎಂಟು ಜನ ಅಸುನೀಗಿದರು. ಅಂದು ಆ ಹೊಗೆಯೊಳಗೆ ನುಗ್ಗಿದವರು ನಾವು ‘ಬಂಬ’ ಎಂದು ಕರೆಯುವ ವಾಹನದ ಮೇಲೆ ಬರುವ ಸಾಮಾನ್ಯ ನೌಕರರು.

ಸರಕಾರದ ನೆರವಿನಲ್ಲಿ ಎಲ್ಲಕ್ಕಿಂತ ಹಳೆಯದು ಸೈನಿಕರ ಮಕ್ಕಳಿಗೆ ಸಂಬಂಧಿಸಿದ್ದು. 1971ರ ಯುದ್ಧದ ಬಳಿಕ, ರಣರಂಗದಲ್ಲಿ ಮಡಿದ, ಕಾಣೆಯಾದ ಅಥವಾ ಶಾಶ್ವತವಾಗಿ ಅಂಗವಿಕಲರಾದ ಯೋಧರ ಮಕ್ಕಳ ಬೋಧನಾ ಶುಲ್ಕ ಹಾಗೂ ವಸತಿಗೃಹದ ವೆಚ್ಚವನ್ನು ಕೇಂದ್ರ ಸರಕಾರ ಪೂರ್ಣವಾಗಿ ಹೊತ್ತುಕೊಂಡಿತು. 2017ರಲ್ಲಿ ಅದಕ್ಕೆ ತಿಂಗಳಿಗೆ 10,000 ರೂಪಾಯಿಗಳ ಮಿತಿ ಹಾಕಲಾಯಿತು. ನೌಕಾಪಡೆಯ ಅಂದಿನ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರೇ ರಕ್ಷಣಾ ಸಚಿವರಿಗೆ ಪತ್ರ ಬರೆದರು. 2018ರ ಮಾರ್ಚ್ ತಿಂಗಳಲ್ಲಿ ಆ ಮಿತಿ ರದ್ದಾಯಿತು. ಕೇಳುವವರಿದ್ದರೆ ಮಾತ್ರ ಹಕ್ಕು ಉಳಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಎರಡನೆಯದು ರಾಷ್ಟ್ರೀಯ ರಕ್ಷಣಾ ನಿಧಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನ. ಮಾಜಿ ಸೈನಿಕರು, ಅರೆಸೇನಾ ಪಡೆಗಳು ಮತ್ತು ರೈಲ್ವೆ ರಕ್ಷಣಾ ದಳದವರ ಮಕ್ಕಳಿಗಾಗಿ ಇದ್ದ ಈ ಯೋಜನೆಯನ್ನು 2019ರ ಮೇ 31ರಂದು ರಾಜ್ಯ ಪೊಲೀಸರಿಗೂ ವಿಸ್ತರಿಸಲಾಯಿತು. ಆದರೆ ಭಯೋತ್ಪಾದಕರ ಅಥವಾ ನಕ್ಸಲರ ದಾಳಿಯಲ್ಲಿ ಹುತಾತ್ಮರಾದವರ ಮಕ್ಕಳಿಗೆ ಮಾತ್ರ, ಅದೂ ಇಡೀ ದೇಶಕ್ಕೆ ವರ್ಷಕ್ಕೆ 500. ಅಂದು ನಿಗದಿಯಾದ ಮೊತ್ತ ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಕೋವಿಡ್ ಕಾಲದಲ್ಲಿ ಮಡಿದ ಯೋಧರ, ಅಂದರೆ ವೈದ್ಯರು, ದಾದಿಯರು, ಆರೋಗ್ಯ ಕಾರ್ಯಕರ್ತರು ಇವರ ಮಕ್ಕಳಿಗೆಂದು 2020-21ರಲ್ಲಿ ಕೇಂದ್ರವು ಐದು ಎಂಬಿಬಿಎಸ್ ಸ್ಥಾನಗಳನ್ನು ಮೀಸಲಿರಿಸಿತ್ತು.

ಇಷ್ಟೆಲ್ಲದರ ನಡುವೆ ಆ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ನಗರಪಾಲಿಕೆಯ ಅಗ್ನಿಶಾಮಕನ ಹೆಸರಿಲ್ಲ. ಗಲಭೆಯಲ್ಲಿಯೋ ನೆರೆಯಲ್ಲಿಯೋ ಪ್ರಾಣ ತೆತ್ತ ಪೊಲೀಸನ ಮಗಳೂ ಅದರಲ್ಲಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ 66 ಅಗ್ನಿಶಾಮಕರು ಮಡಿದರು. ಆ ದಿನವನ್ನು ನಾವು ವರ್ಷವರ್ಷವೂ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತೇವೆ. ಸ್ಮರಣೆಗೆ ಕೊರತೆಯಿಲ್ಲ, ಕೊರತೆಯಿರುವುದು ಮಕ್ಕಳ ಶುಲ್ಕಕ್ಕೆ. ಅಮೆರಿಕೆಯಲ್ಲಿ 1996ರಲ್ಲಿ ಕೇಂದ್ರ ಪೊಲೀಸ್ ಅಧಿಕಾರಿಗಳ ಕುಟುಂಬಗಳಿಗಾಗಿ ಇಂಥದೇ ಕಾನೂನು ಬಂತು. ಎರಡೇ ವರ್ಷಗಳಲ್ಲಿ ಅದನ್ನು ಸ್ಥಳೀಯ ಪೊಲೀಸರಿಗೂ ಅಗ್ನಿಶಾಮಕರಿಗೂ ವಿಸ್ತರಿಸಿದರು. ನೆರವಿಗೆ ಅಳತೆಗೋಲಾಗಬೇಕಾದುದು ಸಮವಸ್ತ್ರದ ಬಣ್ಣವಲ್ಲ, ಹೊತ್ತ ಅಪಾಯ.

ಹಾಗೆಂದು ಉಳಿದವರಿಗೆ ಬಾಗಿಲೇ ಇಲ್ಲವೆಂದಲ್ಲ. ಮಹಾರಾಷ್ಟ್ರ ಸರಕಾರವು 2024-25ರಿಂದ, ಎಂಟು ಲಕ್ಷ ರೂಪಾಯಿಗಳೊಳಗಿನ ವಾರ್ಷಿಕ ಆದಾಯವಿರುವ ಇತರೆ ಹಿಂದುಳಿದ, ಸಾಮಾಜಿಕ ಹಾಗೂ ಶೈಕ್ಷಣಿಕವಾಗಿ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳ ವಿದ್ಯಾರ್ಥಿನಿಯರಿಗೆ ವೃತ್ತಿಪರ ಶಿಕ್ಷಣದ ಬೋಧನಾ ಶುಲ್ಕವನ್ನೂ ಪರೀಕ್ಷಾ ಶುಲ್ಕವನ್ನೂ ಪೂರ್ತಿ ಮಾಫಿ ಮಾಡಿದೆ. ಮಾಜಿ ಸೈನಿಕರ ಮಕ್ಕಳಿಗೆ ‘ಮಹಾಡಿಬಿಟಿ’ ಜಾಲತಾಣದಲ್ಲಿ ಪ್ರತ್ಯೇಕ ಶೈಕ್ಷಣಿಕ ಸವಲತ್ತಿದೆ. ಸೊಲ್ಲಾಪುರದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು.

ಶಿಕ್ಷಕನಾಗಿ ನಾನು ಕಂಡ ತೊಡಕು ಬೇರೆಯೇ ಇದೆ. ನಮ್ಮ ಮಕ್ಕಳ ಅರ್ಜಿಗಳು ಅರ್ಹತೆಯ ಕೊರತೆಗಿಂತ ಹೆಸರಿನ ಗೊಂದಲದಿಂದ ಹಿಂದಿರುಗುತ್ತವೆ. ಕನ್ನಡ ಶಾಲೆಯ ದಾಖಲೆಯಲ್ಲಿ ತಂದೆ ‘ಮಲ್ಲಪ್ಪ’, ಸೇವಾ ಪುಸ್ತಕದಲ್ಲಿ ‘ಮಲ್ಲಿಕಾರ್ಜುನ’, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಬಗೆ. ಮನೆಯ ಯಜಮಾನ ಇರುವಾಗಲೇ ಇದನ್ನು ಸರಿಪಡಿಸಿಕೊಳ್ಳುವುದು ಸುಲಭ. ಅವನು ಹೋದ ಮೇಲೆ ಆ ತಾಯಿ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು? ಆದುದರಿಂದ ಶಾಲೆ ಬಿಟ್ಟ ದಾಖಲೆ, ಸೇವಾ ಪುಸ್ತಕ, ಆಧಾರ್ ಇವುಗಳಲ್ಲಿ ಒಂದೇ ಹೆಸರಿರುವಂತೆ ಇಂದೇ ನೋಡಿಕೊಳ್ಳಿರೆಂದು ಬಂಧುಗಳಲ್ಲಿ ನನ್ನ ವಿನಂತಿ.

ಕೊನೆಯದಾಗಿ ಒಂದು ಸೂಚನೆ. ಮಹೋತ್ಸವದ ನಿಧಿಯಲ್ಲಿ ಉಳಿಯುವ ಹಣದ ಒಂದು ಪಾಲನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದ ಸರಕಾರದ ಯಾವ ಪಟ್ಟಿಯಲ್ಲಿಯೂ ಸೇರದ ಇಂಥ ಮನೆತನದ ಒಬ್ಬ ವಿದ್ಯಾರ್ಥಿಯ ಕಾಲೇಜು ಶುಲ್ಕವನ್ನು ಪ್ರತಿವರ್ಷ ತುಂಬಲಿ. ಜೂನ್ ತಿಂಗಳಲ್ಲಿ ಇಬ್ಬರು ಶಿಕ್ಷಕರು ಕುಳಿತು ಅರ್ಜಿಗಳನ್ನು ತುಂಬಿಕೊಡಲಿ. ಹನಿಗೂಡಿದರೆ ಹಳ್ಳ. ಇದು ದಾನವಲ್ಲ, ಊರಿನ ಮೇಲಿರುವ ಋಣ. ಅದನ್ನು ತೀರಿಸುವ ಮೊದಲ ಕಂತು ನಮ್ಮ ಶಾಲೆಯಿಂದಲೇ ಸಲ್ಲಲಿ ಎಂದು ಹಾರೈಸುತ್ತೇನೆ.