ಬೀಳುವುದನ್ನು ಕಲಿಸುವ ಜೂಡೊ

ಹೊಸಪೇಟೆಯಿಂದ ಹೈದರಾಬಾದಿಗೆ ಬಂದ ಮೊದಲ ವರ್ಷ ನಮ್ಮ ಮಗ ಸಂಜೆ ಆಡಲು ಕೆಳಗೇ ಇಳಿಯುತ್ತಿರಲಿಲ್ಲ. ಅವನ ತೆಲುಗು ಕೇಳಿ ಅಪಾರ್ಟ್‌ಮೆಂಟಿನ ಮಕ್ಕಳು ನಗುತ್ತಿದ್ದರು. ಒಮ್ಮೆ ಒಬ್ಬ ಹುಡುಗ ತಳ್ಳಿ ಬೀಳಿಸಿದ್ದ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ ಹೊಳೆದದ್ದು ಒಂದೇ: ಇವನು ತಿರುಗಿ ಹೊಡೆಯುವುದನ್ನು ಕಲಿಯಲಿ. ಮಿಯಾಪುರದ ಬಳಿ ಜೂಡೊ ತರಗತಿಗೆ ಸೇರಿಸಿದೆ.

ಮೊದಲ ತಿಂಗಳು ಅಲ್ಲಿ ಬರೀ ಬೀಳುವ ಪಾಠ! ಜೂಡೊದಲ್ಲಿ ಗುದ್ದುವುದೂ ಇಲ್ಲ, ಒದೆಯುವುದೂ ಇಲ್ಲ. ಗದ್ದ ಎದೆಗೆ ತಾಗಿಸಿ, ಬೆನ್ನು ಗುಂಡಗೆ ಮಾಡಿ, ಕೈಯಿಂದ ಮ್ಯಾಟನ್ನು ಬಡಿಯುತ್ತ ಬೀಳಬೇಕು. ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ, ಪೆಟ್ಟು ಮೈಯೆಲ್ಲ ಹಂಚಿಹೋಗುತ್ತದೆ. ಜಪಾನಿಗಳು ಇದಕ್ಕೆ ‘ಉಕೆಮಿ’ ಎನ್ನುತ್ತಾರೆ. ಇನ್ನೊಂದು ನಿಯಮ: ಎದುರಾಳಿ ಕೈ ತಟ್ಟಿ ಸೋಲೊಪ್ಪಿದರೆ ಆ ಕ್ಷಣವೇ ಹಿಡಿತ ಬಿಡಬೇಕು. ಆಟದ ಮೊದಲೂ ಕೊನೆಗೂ ತಲೆಬಾಗಿ ವಂದನೆ.

1882ರಲ್ಲಿ ಜೂಡೊ ಕಟ್ಟಿದ ಜಿಗೊರೊ ಕಾನೊ ಕೂಡ ಚಿಕ್ಕ ಮೈಕಟ್ಟಿನವರು. ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ ಉಂಡವರು. ಹಳೆಯ ಜುಜುತ್ಸುವಿನ ಪಟ್ಟುಗಳನ್ನು ಸೋಸಿ, ಎದುರಾಳಿಯ ಬಲವನ್ನೇ ಬಳಸಿಕೊಳ್ಳುವ ವಿದ್ಯೆ ರೂಪಿಸಿದರು. 1964ರಲ್ಲಿ ಅದು ಒಲಿಂಪಿಕ್ಸ್ ಸೇರಿತು.

ಇದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಉದಾಹರಣೆ ಇದೆ ಎಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಮಣಿಪುರದ ಲಿಂಥೋಯ್ ಚನಂಬಂ ಊರು ಬಿಟ್ಟು ಬಂದು, ತೋರಣಗಲ್ಲಿನ ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಪಳಗಿದಾಕೆ. 2022ರಲ್ಲಿ ಸರಾಯೆವೊದಲ್ಲಿ ವಿಶ್ವ ಕೆಡೆಟ್ ಚಾಂಪಿಯನ್‌ಷಿಪ್‌ನ 57 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದಳು. ಯಾವುದೇ ವಯೋಮಾನದ ವಿಶ್ವ ಜೂಡೊದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಇದನ್ನು ಹೇಳಿದಾಗ ಮಗ ಕೇಳಿದ್ದು ಒಂದೇ ಪ್ರಶ್ನೆ: ‘ಆ ಅಕ್ಕನಿಗೆ ಕನ್ನಡ ಬರ್ತಿತ್ತಾ ಅಪ್ಪ?’

ಮಕ್ಕಳನ್ನು ಸೇರಿಸುವ ಮುನ್ನ ಒಂದು ದಿನ ಕೂತು ತರಗತಿ ನೋಡಿ. ಬೀಳುವುದನ್ನು ಕಲಿಸದೆ ಎತ್ತಿ ಒಗೆಯುವುದನ್ನೇ ಮೊದಲು ಕಲಿಸುವ ಕಡೆ ಬೇಡ.

ಕಳೆದ ತಿಂಗಳು ಅದೇ ಹುಡುಗ ಇವನನ್ನು ಮತ್ತೆ ತಳ್ಳಿದನಂತೆ. ‘ನೀನೇನು ಮಾಡಿದೆ?’ ಎಂದೆ.

‘ಬಿದ್ದೆ, ಎದ್ದೆ. ಆಮೇಲೆ ಇಬ್ರೂ ಕ್ರಿಕೆಟ್ ಆಡಿದ್ವಿ.’

ಹೊಡೆದೆ ಅಂತಾನೇನೋ ಎಂದು ಕಾಯುತ್ತಿದ್ದ ನನಗೆ ಕೊಂಚ ನಾಚಿಕೆಯಾಯಿತು.